ಜಿಡ್ಡುಹುಲ್ಲಿನ ಹೊಳೆಯ ಕಾಕ

ಇದನ್ನು ಬರೆಯಲು ಕೂತದ್ದು ಇದು ಮೊದಲ ಸಲವಲ್ಲ. ಹಿಂದೊಮ್ಮೆ ಮಸ್ಕತ್ತಿನಾಚೆಯ ಸಹಮ್‌ನ ನನ್ನ ಹಾರ್ಡ್‌ವೇರ್ ಅಂಗಡಿಯಲ್ಲಿ ಗಿರಾಕಿಗಳಿಲ್ಲದ ಮಧ್ಯಾಹ್ನ ನಾಲ್ಕು ಸಾಲು ಬರೆದು ಹರಿದೆ. ಇನ್ನೊಮ್ಮೆ ಕೈಗೆ ಸುಣ್ಣ ಮೆತ್ತಿದೆ, ತೊಳೆದು ಬರುತ್ತೇನೆಂದು ಎದ್ದವನು ಮರಳಿ ಕೂರಲೇ ಇಲ್ಲ. ಕಾಕ ಊರಿನಲ್ಲಿ ಬದುಕಿದ್ದಾರೆ, ಯಾವಾಗ ಬೇಕಾದರೂ ಫೋನ್ ಮಾಡಿ ಬಾಯಲ್ಲೇ ಹೇಳಬಹುದು, ಬರೆಯುವುದೇಕೆ ಎಂಬ ನೆಪ ಇತ್ತು. ಈಗ ಆ ನೆಪವೂ ಇಲ್ಲ. ಇಬ್ರಿಯ ಹಳೆಯ ಕ್ಯಾಂಪಿನವರ ವಾಟ್ಸಾಪ್ ಗುಂಪಿನಲ್ಲಿ ಒಂದು ಬೆಳಿಗ್ಗೆ ಹೀಗೆ ಬಂತು: ‘ನಮ್ಮ ಸೂಸೂ ಕಾಕ ತೀರಿಹೋದರು.’ ಕೆಳಗೆ ಕೈಮುಗಿದ ಚಿತ್ರಗಳು, ಅಳುವ ಮುಖಗಳು. ಅವುಗಳ ನಡುವೆ ಒಂದು ನಗುವ ಮುಖವೂ ಇತ್ತು.

ಆ ಹೆಸರನ್ನು ಅವರಿಗೆ ಇಟ್ಟವನು ನಾನು.

ಅವರು ಉಳ್ಳಾಲದ ಕಡೆಯ ಬ್ಯಾರಿ. ರಸ್ತೆ ಮಾಡುವ ಕಂಪನಿಯಲ್ಲಿ ಸರ್ವೆಯವರ ಸಹಾಯಕ. ನಾನು ಅದೇ ಕಂಪನಿಯ ಸ್ಟೋರ್ ಕೀಪರ್. ಇಬ್ರಿಯ ಹೊರಗಿನ ಕ್ಯಾಂಪಿನಲ್ಲಿ ಹದಿನಾಲ್ಕು ವರ್ಷ ಜೊತೆಗಿದ್ದೆವು. ಅವರ ಕೆಲಸ ಹೇಳಲು ಸುಲಭ, ಮಾಡಲು ಕಷ್ಟ. ಎಂಜಿನಿಯರ್ ದೂರದಲ್ಲಿ ಯಂತ್ರದ ಹಿಂದೆ ಕಣ್ಣಿಟ್ಟು ನಿಂತಿದ್ದರೆ, ಇವರು ಕೆಂಪು ಕಪ್ಪು ಗೆರೆಗಳ ಉದ್ದದ ಅಳತೆಗೋಲನ್ನು ನೆಟ್ಟಗೆ ಹಿಡಿದು ಬಿಸಿಲಲ್ಲಿ ನಿಲ್ಲಬೇಕು. ಅಲುಗಬಾರದು. ಕೆನ್ನೆಯ ಮೇಲೆ ನೊಣ ಕೂತರೂ ಅವರು ಓಡಿಸುತ್ತಿರಲಿಲ್ಲ. ‘ಅದರ ಕೆಲಸ ಅದು ಮಾಡ್ತದೆ, ನನ್ನ ಕೆಲಸ ನಾನು’ ಎನ್ನುತ್ತಿದ್ದರು. ಕೆಲಸವಿಲ್ಲದಾಗಲೂ ಆ ನಿಲುವು ಮೈಯಿಂದ ಹೋಗಿರಲಿಲ್ಲ. ಚಹಾದ ಸಾಲಿನಲ್ಲಿ ನಿಂತರೂ ಯಾರೋ ಅವರನ್ನು ಅಳೆಯುತ್ತಿದ್ದಾರೆ ಎಂಬಂತೆ ನಿಲ್ಲುತ್ತಿದ್ದರು. ಚಹಾಕ್ಕೆ ಸಕ್ಕರೆ ಹಾಕುತ್ತಿರಲಿಲ್ಲ, ಬದಲಿಗೆ ಒಂದು ಖರ್ಜೂರವನ್ನು ದವಡೆಯಲ್ಲಿಟ್ಟು ಕುಡಿಯುತ್ತಿದ್ದರು. ಬೀಜವನ್ನು ಉಗಿಯದೆ ಕಿಸೆಗೆ ಹಾಕಿಕೊಳ್ಳುತ್ತಿದ್ದರು. ಕ್ಯಾಂಪಿನ ನೀರಿನ ಟ್ಯಾಂಕಿನ ಹಿಂದೆ ಅವರು ಊರಿದ ಬೀಜಗಳಲ್ಲಿ ಮೂರು ಗಿಡವಾಗಿ ನಿಂತದ್ದನ್ನು ನಾನೇ ನೋಡಿದ್ದೇನೆ.

ಅವರಿಗೊಂದು ಮಾತಿತ್ತು: ‘ಆಚೆ ಬದಿ ನೋಡದೆ ಇಳಿಯಬಾರದು.’ ಇದನ್ನು ಎಲ್ಲದಕ್ಕೂ ಹೇಳುತ್ತಿದ್ದರು. ಮದುವೆಗೆ ಹೆಣ್ಣು ನೋಡಲು ರಜೆಯಲ್ಲಿ ಹೋಗುವವನಿಗೂ, ಕಫೀಲನನ್ನು, ಎಂದರೆ ವೀಸಾ ಕೊಟ್ಟ ಧಣಿಯನ್ನು, ಬದಲಿಸಬೇಕೆಂದಿರುವವನಿಗೂ ಅದೇ ಮಾತು.

ಒಂದು ದಿನ ನಾನು ಸಾಮಾನು ತರಲೆಂದು ಪಿಕಪ್‌ನಲ್ಲಿ ಹೊರಟಿದ್ದೆ. ಓಡಿಸುತ್ತಿದ್ದವನು ಕುಂದಾಪುರದ ಕಡೆಯ ಡ್ರೈವರ್. ಕಾಕ ಹಿಂದೆ ತಮ್ಮ ಅಳತೆಗೋಲಿನ ಜೊತೆ ಕೂತಿದ್ದರು. ದಾರಿಗೆ ಅಡ್ಡವಾಗಿ ಒಂದು ವಾದಿ, ಎಂದರೆ ವರ್ಷವಿಡೀ ಒಣಗಿಯೇ ಇರುವ ಹೊಳೆಪಾತ್ರ. ಅಂದೂ ಒಣಗಿತ್ತು, ತಲೆಯ ಮೇಲೆ ಉರಿಬಿಸಿಲು. ಇನ್ನೇನು ಇಳಿಯಬೇಕು, ಕಾಕ ಕ್ಯಾಬಿನ್ನಿನ ಮೇಲೆ ಧಡಧಡ ಬಡಿದರು. ನಿಲ್ಲಿಸಿದ ಕೂಡಲೆ ಹಾರಿ, ಗಾಡಿಯ ಮುಂದೆ ಅಳತೆಗೋಲನ್ನು ಅಡ್ಡ ಮಲಗಿಸಿದರು.

‘ಎಂತ ಕಾಕ, ಇಲ್ಲೂ ಅಳತಿಯಾ?’ ಎಂದ ಡ್ರೈವರ್. ‘ನೀರ್ ಎಲ್ಲಿತ್ತ್, ಒಂದ್ ಕಾಣ್ಸಿ ಕಾಂಬ.’

‘ಇಲ್ಲಿ ಇಲ್ಲ. ಅಲ್ಲಿ ನೋಡು.’ ಅವರು ಬೆಟ್ಟಗಳ ಕಡೆ ಗಲ್ಲ ಎತ್ತಿದರು. ದೂರದಲ್ಲಿ ಮಸಿ ಬಳಿದಂತೆ ಒಂದು ತುಂಡು ಆಕಾಶ. ‘ಒಂದು ಸಿಗರೇಟ್ ಸೇದು ಮಾರಾಯ. ಅಷ್ಟರೊಳಗೆ ಬಾರದಿದ್ರೆ ನನ್ನನ್ನು ಬೈ.’

ಡ್ರೈವರ್ ಸಿಗರೇಟು ಹಚ್ಚಿದ. ಅದು ಅರ್ಧ ಆಗುವ ಮೊದಲೇ ಕೆಂಪು ನೀರು ಬಂತು. ಬಂತು ಎನ್ನುವುದು ಸಣ್ಣ ಮಾತು. ಇಡೀ ಮರ, ಸತ್ತ ಆಡು, ಯಾರದೋ ನೀರಿನ ಡ್ರಮ್ಮು, ಎಲ್ಲ ಒಟ್ಟಿಗೆ ಬಂತು. ನಾವು ಇಳಿದಿದ್ದರೆ ಇವತ್ತು ಇದನ್ನು ಬರೆಯಲು ನಾನಿರುತ್ತಿರಲಿಲ್ಲ. ಕಾಕ ಅಳತೆಗೋಲಿನ ಧೂಳು ಒರೆಸಿ, ‘ಹಳದಿ ಕೂದಲಿನವರಿಗೆ ಇಷ್ಟು ಹೇಳುವವರು ಇದ್ದರು ಶೆಟ್ರೆ. ಅವರು ಕೇಳಲಿಲ್ಲ’ ಎಂದರು.

ಈ ಹಳದಿ ಕೂದಲಿನವರು ಯಾರು ಎಂದು ಹೇಳಬೇಕು.

ಕಾಕ ಮೊದಲು ಕೆಲಸ ಮಾಡಿದ್ದು ಒಬ್ಬ ಅಮೆರಿಕದ ಎಂಜಿನಿಯರ್ ಕೈಕೆಳಗೆ. ಆತ ಊರಿಗೆ ಮರಳುವಾಗ ತನ್ನ ಕೋಣೆಯಲ್ಲಿದ್ದ ಒಂದು ಪುಸ್ತಕವನ್ನು ಕಾಕನಿಗೆ ಕೊಟ್ಟಿದ್ದ. ರಟ್ಟು ಹೋಗಿತ್ತು, ಒಳಗೆ ನಕಾಶೆಗಳೂ ಚಿತ್ರಗಳೂ ಇದ್ದವು. ಅಮೆರಿಕದ ಪಶ್ಚಿಮದ ಒಂದು ಹೊಳೆ, ಅದರ ದಂಡೆಯಲ್ಲಿ ನೂರೈವತ್ತು ವರ್ಷದ ಹಿಂದೆ ಅಲ್ಲಿನ ಮೂಲದ ಜನಕ್ಕೂ ಕುದುರೆ ಸೈನ್ಯಕ್ಕೂ ನಡೆದ ಕಾಳಗದ ಕತೆ. ಎಂಜಿನಿಯರನ ಊರು ಆ ಹೊಳೆಯ ಹತ್ತಿರವಂತೆ. ಕಾಕ ಓದಿದ್ದು ಐದನೆಯ ಕ್ಲಾಸಿನವರೆಗೆ, ಕನ್ನಡದಲ್ಲಿ. ನಕಾಶೆ ಅವರಿಗೆ ತಿಳಿಯುತ್ತಿತ್ತು, ಇಂಗ್ಲಿಷ್ ತಿಳಿಯುತ್ತಿರಲಿಲ್ಲ. ಹಾಗಾಗಿ ಶುಕ್ರವಾರ ನಮಾಜು ಮುಗಿಸಿ, ಮಡಚಿದ ಲುಂಗಿಯಲ್ಲಿ ನನ್ನ ಸ್ಟೋರಿಗೆ ಬರುತ್ತಿದ್ದರು.

‘ಶೆಟ್ರೆ, ನೀವು ಎಸ್ಸೆಸ್ಸೆಲ್ಸಿ. ಒಂದು ಪೇಜು ಓದಿ ಹೇಳಿ. ನನ್ನದು ಒಂದು ಚಹಾ.’

ಹಾಗೆ ಹೇಳಿಸಿಕೊಳ್ಳುವುದು ನನಗೆ ಇಷ್ಟವಾಗುತ್ತಿತ್ತು. ನಾನು ಇಂಗ್ಲಿಷಿನಿಂದ ತುಳುವಿಗೆ ಹೇಳುತ್ತಿದ್ದೆ, ಅವರು ಒಂದು ಶಾಲೆಯ ನೋಟ್‌ಬುಕ್ಕಿನಲ್ಲಿ ಕನ್ನಡದಲ್ಲಿ ಬರೆದುಕೊಳ್ಳುತ್ತಿದ್ದರು. ಆ ಜನರ ಹೆಸರು ಇಂಗ್ಲಿಷಿನಲ್ಲಿ ವಿಚಿತ್ರವಾಗಿ ಬರೆದಿತ್ತು, ಕೊನೆಗೆ ಎಕ್ಸ್ ಅಕ್ಷರ. ನಾನು ಅದನ್ನು ‘ಸಯೋಕ್ಸ್’ ಎಂದು ಓದಿದೆ. ಕಾಕ ಪೆನ್ನು ಎತ್ತಿ ನನ್ನ ಮುಖ ನೋಡಿದರು. ‘ಸಯೋಕ್ಸಾ?’ ಎಂದರು. ‘ಮತ್ತೆಂತ? ಬರೆದದ್ದೇ ಹಾಗಲ್ವಾ?’ ಎಂದೆ. ‘ಸರಿ ಶೆಟ್ರೆ’ ಎಂದು ಬರೆದುಕೊಂಡರು.

ಎರಡು ಬೇಸಗೆಗಳಲ್ಲಿ ಪುಸ್ತಕ ಮುಗಿಯಿತು. ಆಮೇಲೆ ಕತೆ ಅವರದಾಯಿತು. ಶುಕ್ರವಾರ ಬಿಸಿಲು ಇಳಿಯುವ ಹೊತ್ತಿಗೆ ಕ್ಯಾಂಪಿನ ಎದುರಿನ ಜಲ್ಲಿಯ ಮೇಲೆ ಬೂಟಿನ ಹಿಮ್ಮಡಿಯಿಂದ ಹೊಳೆ ಎಳೆಯುತ್ತಿದ್ದರು. ಪೆಪ್ಸಿ ಬಾಟಲಿಯ ಮುಚ್ಚಳಗಳು ಡೇರೆಗಳು. ಒಂದು ಉದ್ದದ ಕಲ್ಲು ಸೈನ್ಯದ ಹಳದಿ ಕೂದಲಿನ ಅಧಿಕಾರಿ. ಸುತ್ತ ನಲವತ್ತು ಐವತ್ತು ಜನ: ಬಿಹಾರದವರು, ಪಂಜಾಬಿಗಳು, ಬಂಗಾಳಿಗಳು, ನಾವು. ಕತೆ ಹಿಂದಿಯಲ್ಲಿ, ನಡುನಡುವೆ ನಮ್ಮವರಿಗಾಗಿ ಕನ್ನಡ.

‘ಹೊಳೆಯ ಹೆಸರು ಸಣ್ಣ ದೊಡ್ಡಕೊಂಬು’ ಎಂದರು ಮೊದಲ ಸಲ.

‘ಸಣ್ಣದಾ, ದೊಡ್ಡದಾ ಕಾಕ? ಒಂದ್ ಹೇಳಿ’ ಎಂದ ಡ್ರೈವರ್.

‘ಅದು ಸೈನ್ಯದವರು ಇಟ್ಟ ಹೆಸರು. ಅವರಿಗೇ ತೀರ್ಮಾನ ಆಗಲಿಲ್ಲ ಕಾಣ್ತದೆ. ಅಲ್ಲಿಯ ಜನ ಹೇಳುವುದು ಜಿಡ್ಡುಹುಲ್ಲಿನ ಹೊಳೆ ಅಂತ. ನಾವು ಹಾಗೇ ಹೇಳುವ.’

ಜನರಿಗೂ ಅವರದೇ ಹೆಸರು ಹೇಳಬೇಕೆಂದು ಕಾಕನ ಆಸೆ. ಅವರು ತಮ್ಮನ್ನು ಲಕೋಟ ಎಂದು ಕರೆದುಕೊಳ್ಳುತ್ತಾರೆಂದು ಪುಸ್ತಕದಲ್ಲಿತ್ತು. ಒಂದು ವಾರ ಹಾಗೇ ಹೇಳಿದರು. ಆಗ ಊರಿನ ಕಾಗದಕ್ಕಾಗಿ ಕಾಯುತ್ತಿದ್ದ ಕಾಲ. ನಮ್ಮವರು ಬಿಟ್ಟಾರೆಯೇ?

‘ಲಕೋಟಿ ಬಂತಾ ಕಾಕ? ನಮ್ ಮನೀದ್ ಇತ್ತಾ ಕಾಣಿ.’

‘ಅಂಟು ಸರಿಯಾಗಿ ಹಚ್ಚಿದ್ದಾರಾ?’

ಕಾಕನೂ ನಕ್ಕರು. ಆದರೆ ಮುಂದಿನ ವಾರದಿಂದ ಲಕೋಟ ಎನ್ನಲಿಲ್ಲ, ಸಯೋಕ್ಸ್ ಎಂದರು. ಯಾರೂ ನಗಲಿಲ್ಲ.

ಕತೆಯಲ್ಲಿ ಅವರು ಯಾರನ್ನೂ ಕೆಟ್ಟವರನ್ನಾಗಿ ಮಾಡುತ್ತಿರಲಿಲ್ಲ. ಬೆಳಗಾಗುವಾಗ ದಿಬ್ಬದ ಮೇಲಿಂದ ಸೈನ್ಯದ ದಾರಿ ತೋರಿಸುವವರು ದೂರದ ಕಣಿವೆಯಲ್ಲಿ ಕುದುರೆಗಳ ಹಿಂಡು ಹುಳುಗಳಂತೆ ಹರಿಯುವುದನ್ನು ನೋಡುತ್ತಾರೆ. ತುಂಬಾ ಜನ ಇದ್ದಾರೆ, ಇಳಿಯಬೇಡಿ ಎನ್ನುತ್ತಾರೆ. ಅಧಿಕಾರಿಗೆ ಕಾಣುವುದಿಲ್ಲ. ಕಾಣದ್ದನ್ನು ಇಲ್ಲ ಎಂದುಕೊಳ್ಳುತ್ತಾನೆ. ಸೈನ್ಯವನ್ನು ಮೂರು ಪಾಲು ಮಾಡಿ ಇಳಿಯುತ್ತಾನೆ. ಇಲ್ಲಿ ಕಾಕ ಆ ಉದ್ದದ ಕಲ್ಲನ್ನು ಮೆಲ್ಲಗೆ, ಮಗುವನ್ನು ಮಲಗಿಸಿದಂತೆ, ಜಲ್ಲಿಯ ಮೇಲೆ ಮಲಗಿಸುತ್ತಿದ್ದರು. ‘ಧೈರ್ಯ ಇತ್ತು. ಇಳಿಯುವ ಮೊದಲು ಅಳೆದು ಲೆವೆಲ್ ತೆಗೆಯಲಿಲ್ಲ, ಅಷ್ಟೇ.’ ಆಮೇಲೆ ಮುಚ್ಚಳಗಳನ್ನು ಒಂದೊಂದಾಗಿ ಹೆಕ್ಕಿ ಕಿಸೆಗೆ ಹಾಕುತ್ತಿದ್ದರು. ‘ಗೆದ್ದವರಾದರೂ ಎಷ್ಟು ದಿನ? ಅವರನ್ನೂ ಎಬ್ಬಿಸಿದರು. ಹೊಳೆ ಮಾತ್ರ ಅಲ್ಲೇ ಉಂಟು.’ ಕೊನೆಗೆ ಜಲ್ಲಿಯ ಮೇಲೆ ಒಂದು ಗೆರೆ ಮಾತ್ರ ಉಳಿಯುತ್ತಿತ್ತು. ಅದನ್ನು ದಾಟಿ ಊಟಕ್ಕೆ ಹೋಗುವಾಗ ಜನ ಅದನ್ನು ತುಳಿಯದೆ ದಾಟುತ್ತಿದ್ದುದನ್ನು ನಾನು ಗಮನಿಸಿದ್ದೇನೆ.

ನಾನು ಓದಿ ಹೇಳಿದ ಕತೆಗೆ ಅವರ ಸುತ್ತ ಐವತ್ತು ಜನ. ನನ್ನ ಸುತ್ತ ಹೆಲ್ಮೆಟ್ಟುಗಳು, ಬೂಟುಗಳು. ಯಾರೂ ‘ಇದನ್ನು ಓದಿದ್ದು ಶೆಟ್ರು’ ಎನ್ನಲಿಲ್ಲ ಎಂದು ಬರೆಯಲು ಹೊರಟಿದ್ದೆ. ಅದು ಸುಳ್ಳು. ಕಾಕ ಪ್ರತಿಸಲ ಹೇಳುತ್ತಿದ್ದರು. ಕೇಳುವವರು ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ.

ಆ ವರ್ಷ ಬೇರೆ ಕ್ಯಾಂಪಿನ ಒಂದು ಗಾಡಿ ವಾದಿಯಲ್ಲಿ ಕೊಚ್ಚಿಹೋಯಿತು. ಕಂಪನಿಯವರು ಪ್ರತಿ ಕ್ಯಾಂಪಿಗೂ ಒಬ್ಬ ಸುರಕ್ಷತಾ ಸಹಾಯಕನನ್ನು ಇಡುವುದೆಂದು ತೀರ್ಮಾನಿಸಿದರು. ಜನರಿಗೆ ತಿಳಿಯುವಂತೆ ಮಾತಾಡಬಲ್ಲವನು ಬೇಕು. ಡ್ರೈವರ್ ಹೋಗಿ ವಾದಿಯ ದಿನದ ಸಂಗತಿ ಹೇಳಿದ್ದ. ಮ್ಯಾನೇಜರ್ ಕಾಕನನ್ನು ಕರೆಸಿ, ಬರುವ ಗುರುವಾರ ಊಟದ ಹಾಲ್‌ನಲ್ಲಿ ಎಲ್ಲರೆದುರು ಹತ್ತು ನಿಮಿಷ ಮಾತಾಡು, ನೋಡುತ್ತೇನೆ ಎಂದರು. ಕಾಕನಿಗೆ ಅದು ದೊಡ್ಡ ವಿಷಯ. ವರ್ಷಗಟ್ಟಲೆ ಬಿಳಿ ಬಿಸಿಲಿಗೆ ಅವರ ಕಣ್ಣು ಮಂಜಾಗುತ್ತಿತ್ತು. ಇಬ್ರಿಯ ಡಾಕ್ಟರು, ಇನ್ನು ಬಿಸಿಲಲ್ಲಿ ನಿಲ್ಲಬೇಡಿ ಎಂದಿದ್ದರು. ಈ ಕೆಲಸ ಸಿಕ್ಕರೆ ನೆರಳು, ಒಂದು ಕುರ್ಚಿ.

ಅದಕ್ಕೆ ಎರಡು ವಾರ ಮೊದಲು ಹೊಸದಾಗಿ ಬಂದ ಎಂಜಿನಿಯರೊಬ್ಬರು ಸ್ಟೋರಿನ ಮೇಜಿನ ಮೇಲೆ ಆ ಪುಸ್ತಕ ನೋಡಿ, ಆ ಜನರ ಹೆಸರನ್ನು ಬಾಯಲ್ಲಿ ಹೇಳಿದ್ದರು. ಅದು ಸಯೋಕ್ಸ್ ಅಲ್ಲ, ‘ಸೂ’. ಕೊನೆಯ ಅಕ್ಷರಕ್ಕೆ ಸದ್ದೇ ಇಲ್ಲ. ನನ್ನ ಮುಖ ಬಿಸಿಯಾಯಿತು. ತಪ್ಪಾಗಿ ಓದಿದವನು ನಾನು. ಕಾಕನಿಗೆ ಆ ದಿನವೇ ಹೇಳಬೇಕಿತ್ತು, ಹೇಳಲಿಲ್ಲ.

ಗುರುವಾರ ಕಾಕ ಇಸ್ತ್ರಿ ಮಾಡಿದ ಅಂಗಿ ಹಾಕಿ ಬಂದಿದ್ದರು. ಊಟದ ಮೇಜಿನ ಮೇಲೆ ಮುಚ್ಚಳಗಳನ್ನು ಜೋಡಿಸಿ ಚೆನ್ನಾಗಿಯೇ ಶುರುಮಾಡಿದರು. ಮ್ಯಾನೇಜರ್ ತಲೆಯಾಡಿಸುತ್ತಿದ್ದರು. ‘ಹೊಳೆಯ ಈಚೆ ಸೈನ್ಯ, ಆಚೆ ಸಯೋಕ್ಸ್’ ಎಂದಾಗ ನಾನು ಎದ್ದು ನಿಂತೆ.

‘ಕಾಕ, ಸಯೋಕ್ಸ್ ನಹೀ. ಸೂ ಬೋಲೋ, ಸೂ’ ಎಂದೆ, ಎಲ್ಲರಿಗೂ ಕೇಳುವಂತೆ.

ಕೂಡಲೆ ಹಿಂದಿನ ಸಾಲಿನಿಂದ ಯಾರೋ, ‘ಕೌನ್? ಸೂಸೂ?’ ಎಂದರು. ಹಿಂದಿಯಲ್ಲಿ ಮಕ್ಕಳು ಮೂತ್ರಕ್ಕೆ ಹೇಳುವ ಮಾತು ಅದು. ಇಡೀ ಹಾಲ್ ನಗುವಿನಲ್ಲಿ ಎದ್ದುಹೋಯಿತು. ‘ಈಚೆ ಸೈನ್ಯ, ಆಚೆ ಸೂಸೂ!’ ‘ಅದಕ್ಕೇ ಹೊಳೆ ತುಂಬಿದ್ದು!’ ಜನ ಮೇಜು ಬಡಿದರು. ಮ್ಯಾನೇಜರ್ ಬಾಯಿಗೆ ಕರವಸ್ತ್ರ ಒತ್ತಿಕೊಂಡರು.

ಕಾಕ ನನ್ನನ್ನು ನೋಡಿದರು. ಸಿಟ್ಟಿನಿಂದಲ್ಲ. ನಾನು ಬಿದ್ದು ಮೊಣಕಾಲು ತರಚಿಕೊಂಡಿದ್ದೇನೋ ಎಂಬಂತೆ. ನಗು ನಿಲ್ಲಲೆಂದು ಸ್ವಲ್ಪ ಹೊತ್ತು ಅಳತೆಗೋಲು ಹಿಡಿದ ನಿಲುವಿನಲ್ಲೇ ಕಾದರು. ನಿಲ್ಲಲಿಲ್ಲ. ಮುಚ್ಚಳಗಳನ್ನು ಕಿಸೆಗೆ ಹಾಕಿಕೊಂಡು, ‘ಖಲಾಸ್’ ಎಂದು ಮೆಲ್ಲಗೆ ಹೇಳಿ ಕೂತರು.

ಕೆಲಸ ಬೇರೊಬ್ಬನಿಗೆ ಹೋಯಿತು. ಕಾಕ ಇನ್ನೂ ನಾಲ್ಕು ಬೇಸಗೆ ಬಿಸಿಲಲ್ಲಿ ನಿಂತರು. ಜಲ್ಲಿಯ ಮೇಲೆ ಮತ್ತೆ ಹೊಳೆ ಎಳೆಯಲಿಲ್ಲ. ಹೆಸರು ಮಾತ್ರ ಅಂಟಿತು. ‘ಸೂಸೂ ಕಾಕ’ ಎಂದು ಕರೆದರೆ ಓಗೊಡುತ್ತಿದ್ದರು. ಅವರು ಓಗೊಟ್ಟಾಗಲೆಲ್ಲ ನಾನು ಏನಾದರೂ ಕೆಲಸ ಹುಡುಕಿಕೊಳ್ಳುತ್ತಿದ್ದೆ.

ಊರಿಗೆ ಹೋಗುವ ದಿನ ಹೆಲ್ಮೆಟ್ಟು, ಬೂಟು ಒಪ್ಪಿಸಲು ಸ್ಟೋರಿಗೆ ಬಂದರು. ಸಹಿ ಹಾಕಬೇಕಾದ ಜಾಗ ಅವರಿಗೆ ಕಾಣಲಿಲ್ಲ. ಅವರ ಬೆರಳು ಹಿಡಿದು ನಾನೇ ತೋರಿಸಿದೆ. ಬೆರಳು ಹಿಡಿದುಕೊಂಡೇ, ‘ಕಾಕ, ಆ ದಿನ ಹಾಲ್‌ನಲ್ಲಿ...’ ಎಂದೆ.

‘ಬಸ್ಸು ಹೊರಡ್ತದೆ ಶೆಟ್ರೆ’ ಎಂದರು. ‘ಟ್ಯಾಂಕಿನ ಹಿಂದಿನ ಗಿಡಕ್ಕೆ ನೀರು ಹಾಕ್ತೀರಲ್ವಾ?’

ಹಾಕುತ್ತೇನೆ ಎಂದೆ. ಆ ಮಾತನ್ನಾದರೂ ನಡೆಸಿದೆ, ಕ್ಯಾಂಪು ಮುಚ್ಚುವವರೆಗೆ.

ಅವರು ತೀರಿಕೊಂಡ ಮೂರು ವಾರಕ್ಕೆ ಒಂದು ಹೆಣ್ಣಿನ ದನಿಯ ಫೋನು ಬಂತು. ಅವರ ಮೊಮ್ಮಗಳು. ಮಸ್ಕತ್ತಿನಲ್ಲೇ ಹುಟ್ಟಿ ಬೆಳೆದವಳು, ಖುರುಮ್‌ನ ಒಂದು ಆಫೀಸಿನಲ್ಲಿ ಕೆಲಸ. ನನ್ನನ್ನು ನೋಡಬೇಕು ಎಂದಳು. ನಾನೇ ಹೋದೆ. ಆಫೀಸಿನ ಕೆಳಗಿನ ಚಹಾದಂಗಡಿಯಲ್ಲಿ ಅವಳು ಚೀಲದಿಂದ ತೆಗೆದದ್ದು ಅದೇ ನೋಟ್‌ಬುಕ್ಕು.

‘ಅಂಕಲ್, ನನಗೆ ಕನ್ನಡ ಮಾತಾಡ್ಲಿಕ್ಕೆ ಬರ್ತದೆ, ಓದ್ಲಿಕ್ಕೆ ಬರುವುದಿಲ್ಲ. ಅಜ್ಜ ಹೇಳ್ತಿದ್ರು, ಸಹಮ್‌ನಲ್ಲಿ ಶೆಟ್ರಿದ್ದಾರೆ, ಅವರು ಚೆಂದ ಓದ್ತಾರೆ ಅಂತ. ಸ್ವಲ್ಪ ಓದ್ತೀರಾ?’

ಮತ್ತೆ ಮೆಲ್ಲಗೆ ಕೇಳಿದಳು: ‘ಗುಂಪಿನಲ್ಲಿ ಅಜ್ಜನಿಗೆ ಏನೋ ಒಂದು ಹೆಸರು ಬರೆದಿದ್ರಂತೆ. ಕಸಿನ್ ಸ್ಕ್ರೀನ್‌ಶಾಟ್ ಕಳ್ಸಿದ. ಅದು ಯಾಕೆ ಅಂಕಲ್?’

‘ಹಳೆಯ ತಮಾಷೆ ಮಗಾ’ ಎಂದು ಹೇಳಿ ಪುಟ ತೆರೆದೆ. ದುಂಡಗಿನ, ಶಾಲೆಯ ಅಕ್ಷರ. ಗಟ್ಟಿಯಾಗಿ ಓದತೊಡಗಿದೆ. ನಾಲ್ಕನೆಯ ಪುಟದ ಅಂಚಿನಲ್ಲಿ, ಆಮೇಲೆ ಎಂದೋ ಸೇರಿಸಿ ಬರೆದದ್ದು ಹೀಗಿತ್ತು:

‘ಶೆಟ್ರು ಸಯೋಕ್ಸ್ ಎಂದು ಓದಿದರು. ಪುಸ್ತಕ ಕೊಟ್ಟ ಎಂಜಿನಿಯರ್ ಸೂ ಎನ್ನುತ್ತಿದ್ದರು. ಸೂ ಎಂದರೆ ಇಲ್ಲಿ ಹಿಂದಿಯವರು ನಗುತ್ತಾರೆ. ಅಷ್ಟು ಜನ ಸತ್ತ ಕತೆ. ಲಕೋಟ ಎಂದು ನೋಡಿದೆ, ನಮ್ಮವರು ನಕ್ಕರು. ಶೆಟ್ರದ್ದೇ ಒಳ್ಳೆಯದು. ಇದಕ್ಕೆ ಯಾರೂ ನಗುವುದಿಲ್ಲ.’

ನೋಟ್‌ಬುಕ್ಕನ್ನು ಮೇಜಿನ ಮೇಲಿಟ್ಟೆ. ಅವರಿಗೆ ಮೊದಲಿನಿಂದಲೂ ಸರಿಯಾದದ್ದು ಗೊತ್ತಿತ್ತು. ನನ್ನ ತಪ್ಪನ್ನು ತಿದ್ದದೆ, ಅದನ್ನೇ ಕೊಡೆಯಂತೆ ಬಿಡಿಸಿ, ಸತ್ತ ಆ ಜನರ ಮೇಲೆ ಹಿಡಿದಿದ್ದರು. ಅದನ್ನು ಕಿತ್ತವನು ನಾನು. ‘ನೀರು ಕುಡೀರಿ ಅಂಕಲ್’ ಎಂದಳು ಅವಳು. ಕುಡಿದು ಪುಟ ಮಗುಚಿದೆ. ಕೊನೆಯಲ್ಲಿ ಬೇರೆ ಬಣ್ಣದ ಶಾಯಿಯಲ್ಲಿ ಇನ್ನೊಂದು ಬರಹ:

‘ಗುರುವಾರ ಶೆಟ್ರು ಎಲ್ಲರೆದುರು ತಿದ್ದಿದರು. ಅವರದು ತಪ್ಪಲ್ಲ. ಜನ ಹಾಗೆ ನಗುತ್ತಾರೆಂದು ಅವರಿಗೆ ಗೊತ್ತಿರಲಿಲ್ಲ. ಮೊದಲೇ ನಾನು ಅವರಿಗೆ ಹೇಳಬೇಕಿತ್ತು.’

ಇದನ್ನೂ ಗಟ್ಟಿಯಾಗಿ ಓದಿದೆ. ಅವಳ ಕಣ್ಣು ತುಂಬಿತು. ‘ನೋಡಿ, ಅಜ್ಜನಿಗೆ ನಿಮ್ಮ ಮೇಲೆ ಏನೂ ಇರಲಿಲ್ಲ’ ಎಂದು ನನ್ನ ಕೈ ಮುಟ್ಟಿದಳು. ನಾನು ತಲೆಯಾಡಿಸಿದೆ. ಅವಳು ತರಿಸಿದ ಚಹಾ ಕುಡಿದೆ. ಉಳಿದದ್ದನ್ನು ಓದಿ ದನಿಯಲ್ಲಿ ಕಳಿಸಿ ಎಂದು ನೋಟ್‌ಬುಕ್ಕು ನನಗೇ ಕೊಟ್ಟಳು. ಸಹಮ್ ತಲುಪುವವರೆಗೆ ಅದು ಮಡಿಲಲ್ಲಿತ್ತು.

ಈಗ ನಾನು ಮುಂದೂಡಿದ ಮಾತು. ಜನ ನಗುತ್ತಾರೆಂದು ನನಗೆ ಗೊತ್ತಿತ್ತು. ಗುರುವಾರದ ಹಿಂದಿನ ದಿನ ಅಡುಗೆಯವನಿಗೆ ‘ಸೂ’ ಎಂದು ಹೇಳಿ ನೋಡಿದ್ದೆ. ಬಿಹಾರದವನು, ಲಟ್ಟಣಿಗೆ ಕೆಳಗಿಟ್ಟು ಹೊಟ್ಟೆ ಹಿಡಿದು ನಕ್ಕಿದ್ದ. ನಾಳೆ ಹಾಲ್‌ನಲ್ಲಿ ಹಿಂದಿನ ಸಾಲಿಗೆ ಬಂದು ಕೂತುಕೋ ಎಂದಿದ್ದೆ. ‘ಕೌನ್? ಸೂಸೂ?’ ಎಂದ ದನಿ ಅವನದು. ಐದನೆಯ ಕ್ಲಾಸು ಓದಿದ ಕಾಕ ಕುರ್ಚಿಯಲ್ಲಿ ಕೂರುವುದನ್ನು ನೋಡಲು ನನ್ನಿಂದ ಆಗುತ್ತಿರಲಿಲ್ಲ. ಅವರ ಕಣ್ಣಿನ ವಿಷಯವೂ ನನಗೆ ಗೊತ್ತಿತ್ತು. ಡಾಕ್ಟರ ಚೀಟಿ ಓದಿ ಹೇಳಿದವನೇ ನಾನು.

ಕಾಕ ಕ್ಷಮಿಸಿದ್ದು ನನ್ನನ್ನಲ್ಲ, ಯಾವನೋ ಒಳ್ಳೆಯವನನ್ನು. ಆ ಕ್ಷಮೆಯನ್ನು ಚಹಾದ ಜೊತೆ ನುಂಗಿ ಬಂದೆ ಎಂಬುದು ಎರಡನೆಯ ತಪ್ಪು.

ಮೊನ್ನೆ ಅಂಗಡಿಯ ಬಾಗಿಲು ಎಳೆದು, ಫೋನಿನಲ್ಲಿ ಮೊಮ್ಮಗಳಿಗೆ ಇದನ್ನೆಲ್ಲ ಹೇಳಿ ಕಳಿಸಿದೆ. ಕೇಳಿದ್ದಾಳೆಂದು ನೀಲಿ ಗುರುತು ಬಂತು. ಮೂರನೆಯ ದಿನ ಒಂದೇ ಮಾತು ಬಂತು: ‘ಅಂಕಲ್, ಬಾಕಿ ಪೇಜು ಓದಿ ಕಳ್ಸಿ.’ ಅದು ಕ್ಷಮೆಯೇ ಎಂದು ನಾನು ಕೇಳಲಿಲ್ಲ. ದಿನಕ್ಕೆ ಒಂದು ಪುಟ ಓದಿ ಕಳಿಸುತ್ತಿದ್ದೇನೆ. ಸಯೋಕ್ಸ್ ಎಂದು ಬಂದಲ್ಲಿ ಸಯೋಕ್ಸ್ ಎಂದೇ ಓದುತ್ತೇನೆ.

ಗುಂಪಿನಲ್ಲೂ ಬರೆದೆ: ‘ಇನ್ನು ಕಾಕನನ್ನು ಆ ಹೆಸರಿನಿಂದ ಯಾರೂ ಕರೆಯಬೇಡಿ. ಅದನ್ನು ಬೇಕೆಂದೇ ಇಟ್ಟವನು ನಾನು.’

ಸ್ವಲ್ಪ ಹೊತ್ತಿಗೆ ಡ್ರೈವರ್ ಉತ್ತರಿಸಿದ. ‘ಆಯ್ತ್ ಶೆಟ್ರೆ. ಹಂಗಾರೆ ಅವ್ರ್ ಹೆಸ್ರ್ ಎಂತ?’

ಮೂವತ್ತೊಂದು ಜನರ ಗುಂಪು. ಯಾರಿಗೂ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು. ಬೂಟು, ಕೈಚೀಲ, ಹೆಲ್ಮೆಟ್ಟು ಕೊಡುವಾಗ ಹದಿನಾಲ್ಕು ವರ್ಷ ಅವರ ಹೆಸರನ್ನು, ಅವರ ತಂದೆಯ ಹೆಸರನ್ನು ನನ್ನ ಕೈಯಾರೆ ಬರೆದಿದ್ದೇನೆ. ಗುಂಪಿನಲ್ಲಿ ಪೂರ್ತಿಯಾಗಿ ಬರೆದೆ. ಡ್ರೈವರ್ ಅದನ್ನೇ ಇನ್ನೊಮ್ಮೆ ಬರೆದು ಮುಂದೆ ‘ಕಾಕ’ ಎಂದು ಸೇರಿಸಿದ. ಆಮೇಲೆ ಒಬ್ಬೊಬ್ಬರಾಗಿ ಬರೆದರು, ಅಡುಗೆಯವನೂ ಹಿಂದಿಯಲ್ಲಿ ಬರೆದ.

ಇಲ್ಲಿ ಮಾತ್ರ ಬರೆಯುವುದಿಲ್ಲ. ಒಮ್ಮೆ ಅವರನ್ನು ಕೇಳದೆ ಹತ್ತು ಜನರ ಮುಂದೆ ಒಂದು ಹೆಸರು ಇಟ್ಟೆ. ಈಗ ಅವರ ನಿಜವಾದ ಹೆಸರನ್ನು ಗುರುತಿಲ್ಲದವರ ಮುಂದೆ ಇಡಬೇಕಾದರೆ ಮೊದಲು ಅವರನ್ನು ಕೇಳಬೇಕು.